ಗಾಯಗೊಂಡವನ ಹೆಸರು ಲಿಸ್ಟ್‌ನಲ್ಲಿದ್ದರೆ: ಫುಟ್‌ಬಾಲ್ ಮ್ಯಾನೇಜರ್‌ಗಳಿಗೂ ಟೂರ್ನಮೆಂಟ್ ಕಮಿಟಿಗಳಿಗೂ

ಎರಡು ಮೂರು ವಾರ ನಡೆಯುವ ಟೂರ್ನಮೆಂಟ್ ಕೋಲಾರದಲ್ಲಾಗಲಿ ಕೆಜಿಎಫ್‌ನಲ್ಲಾಗಲಿ, ಕಮಿಟಿ ಮೇಜಿನ ಮುಂದೆ ಒಂದು ಜಗಳ ಕಟ್ಟಿಟ್ಟದ್ದು. ಇಪ್ಪತ್ತು ಹೆಸರು ಕೊಟ್ಟಾಗಿದೆ, ಎಂಟ್ರಿ ಮುಗಿದಿದೆ, ಅಷ್ಟರಲ್ಲಿ ಬಂಗಾರಪೇಟೆ ತಂಡದ ಸ್ಟಾಪರ್ ಬ್ಯಾಕ್ ಮಂಡಿ ತಿರುಚಿಕೊಂಡು ಕೂತಿದ್ದಾನೆ. ಅವನ ಬದಲಿಗೆ ಒಬ್ಬನನ್ನು ಸೇರಿಸಿಕೊಡಿ ಎಂದು ಮ್ಯಾನೇಜರ್. ಇವತ್ತು ಬಿಟ್ಟರೆ ಸೆಮಿಫೈನಲ್‌ಗೆ ಬೆಂಗಳೂರಿನಿಂದ ಆಟಗಾರನನ್ನು ಇಳಿಸುತ್ತಾರೆ ಎಂದು ಎದುರು ತಂಡದವರು. ಇಬ್ಬರ ಮಾತಿನಲ್ಲೂ ಹುರುಳಿದೆ.

ವೃತ್ತಿಪರ ಫುಟ್‌ಬಾಲ್‌ನ ನಿಯಮಗಳು ಇದೇ ಎರಡು ಭಯಗಳ ನಡುವೆ ಹುಟ್ಟಿದವು. ಬದಲಿ ಸುಲಭವಾಗಿ ಸಿಕ್ಕರೆ ಸುಳ್ಳು ಗಾಯಗಳು ಹೆಚ್ಚುತ್ತವೆ. ಬದಲಿಯೇ ಸಿಗದಿದ್ದರೆ ನಿಜವಾಗಿ ಗಾಯವಾದವನು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಮತ್ತೆ ಮೈದಾನಕ್ಕಿಳಿಯುತ್ತಾನೆ. ನಿಯಮ ಪುಸ್ತಕದ ಯಾವ ಸಾಲನ್ನು ಓದಿದರೂ ಇದು ಯಾವ ಭಯಕ್ಕೆ ಮದ್ದು ಎಂದು ಕೇಳಿಕೊಳ್ಳಿ. ನಿಮ್ಮ ಟೂರ್ನಮೆಂಟ್‌ಗೆ ನಿಯಮ ಬರೆಯುವಾಗಲೂ ಅದೇ ಪ್ರಶ್ನೆ ಸಾಕು.

ಹೆಸರು ಎಲ್ಲೆಲ್ಲಿ ಇರುತ್ತದೆ

ಒಬ್ಬ ಆಟಗಾರನ ಹೆಸರು ಮೂರು ಕಡೆ ಇರುತ್ತದೆ. ಮೊದಲನೆಯದು ನೋಂದಣಿ. ಭಾರತದಲ್ಲಿ ಇದು ದೇಶದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್‌ನ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ. ಗಾಯವಾದ ಮಾತ್ರಕ್ಕೆ ನೋಂದಣಿ ರದ್ದಾಗುವುದಿಲ್ಲ. ಅವನು ಆ ಕ್ಲಬ್‌ನವನಾಗಿಯೇ ಉಳಿಯುತ್ತಾನೆ. ಎರಡನೆಯದು ಆ ಟೂರ್ನಮೆಂಟ್‌ಗೆ ಕೊಟ್ಟ ಸ್ಕ್ವಾಡ್ ಲಿಸ್ಟ್. ಮೂರನೆಯದು ಪಂದ್ಯದ ದಿನದ ಟೀಮ್ ಶೀಟ್, ಅಂದರೆ ಹನ್ನೊಂದು ಜನ ಮತ್ತು ಬೆಂಚ್. ಟೀಮ್ ಶೀಟ್‌ನಿಂದ ಹೆಸರು ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ತಕರಾರೆಲ್ಲ ಎರಡನೆಯದರಲ್ಲಿ.

ಬದಲಿಯಾಗಿ ಬರುವವನು ಅಧಿಕೃತ ಲೀಗ್‌ಗಳಲ್ಲಿ ಆಡುವವನಾದರೆ ಮೊದಲು ಅವನ ಸೀಸನ್ ಲೆಕ್ಕ ಕೇಳಿ. ಫಿಫಾ ನಿಯಮದಂತೆ ಒಂದು ಸೀಸನ್‌ನಲ್ಲಿ ಹೆಚ್ಚೆಂದರೆ ಮೂರು ಕ್ಲಬ್‌ಗಳಲ್ಲಿ ನೋಂದಣಿ ಮಾಡಿಸಬಹುದು, ಆದರೆ ಅಧಿಕೃತ ಪಂದ್ಯ ಆಡುವುದು ಸಾಮಾನ್ಯವಾಗಿ ಎರಡು ಕ್ಲಬ್‌ಗಳಿಗೆ ಮಾತ್ರ. ಈ ಲೆಕ್ಕ ತಪ್ಪಿದರೆ ಗೆದ್ದ ಪಂದ್ಯವೂ ಕೈತಪ್ಪಬಹುದು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಸ್ಕ್ವಾಡ್ 25 ಜನರದು. ಅದರಲ್ಲಿ ಅಲ್ಲೇ ತಯಾರಾಗದ ಆಟಗಾರರು 17ಕ್ಕಿಂತ ಹೆಚ್ಚಿರುವಂತಿಲ್ಲ. 21ರೊಳಗಿನ ಹುಡುಗರಿಗೆ ಈ ಲೆಕ್ಕವಿಲ್ಲ, ಎಷ್ಟು ಜನ ಬೇಕಾದರೂ ಇರಬಹುದು. ವರ್ಗಾವಣೆಯ ಅವಧಿ ಮುಗಿದ ಮೇಲೆ ಲಿಸ್ಟ್‌ಗೆ ಬೀಗ. ಆರು ತಿಂಗಳ ಗಾಯವಾದವನನ್ನು ಲಿಸ್ಟ್‌ನಲ್ಲಿ ಇಟ್ಟುಕೊಂಡರೆ ಒಂದು ಜಾಗ ವ್ಯರ್ಥ. ಬಿಟ್ಟರೆ, ಅವನು ಬೇಗ ವಾಸಿಯಾದರೂ ಮುಂದಿನ ಅವಧಿಯವರೆಗೆ ಆಡಿಸುವಂತಿಲ್ಲ. ಆ ಕಂದಕ ತುಂಬುವುದು ಕಿರಿಯ ಹುಡುಗರು. ನಮ್ಮ ಜಿಲ್ಲಾ ಟೂರ್ನಮೆಂಟ್‌ಗಳಿಗೆ ಇದರಲ್ಲೊಂದು ಒಳ್ಳೆಯ ಉಪಾಯವಿದೆ: 20 ಹೆಸರಿನ ಹೊರಗೆ, 18ರೊಳಗಿನ ಸ್ಥಳೀಯ ಹುಡುಗರು ಮೂವರನ್ನು ಲೆಕ್ಕಕ್ಕೆ ಹಿಡಿಯದೆ ಸೇರಿಸಲು ಬಿಡಿ. ಗಾಯದ ಅರ್ಜಿಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಫ್ರಾನ್ಸ್, 2022

ವಿಶ್ವಕಪ್‌ನ ಬದಲಿ ನಿಯಮ ಅರ್ಥವಾಗಬೇಕಾದರೆ ಒಂದೇ ತಂಡವನ್ನು ನೋಡಿದರೆ ಸಾಕು. ಕತಾರ್‌ನಲ್ಲಿ ಪ್ರತಿ ತಂಡಕ್ಕೆ 26 ಹೆಸರಿನವರೆಗೆ ಅವಕಾಶವಿತ್ತು. ಗಾಯ ಅಥವಾ ಕಾಯಿಲೆ ಗಂಭೀರವಾಗಿದ್ದರೆ ತಂಡದ ಮೊದಲ ಪಂದ್ಯಕ್ಕೆ 24 ಗಂಟೆ ಮುಂಚಿನವರೆಗೆ ಬೇರೊಬ್ಬನನ್ನು ತರಬಹುದಿತ್ತು. ಅದಾದ ಮೇಲೆ ಗೋಲ್‌ಕೀಪರ್‌ಗೆ ಬಿಟ್ಟರೆ ಯಾರಿಗೂ ಇಲ್ಲ.

ಫ್ರಾನ್ಸ್‌ನ ಡಿಫೆಂಡರ್ ಕಿಂಪೆಂಬೆ ಪೂರ್ತಿ ಗುಣವಾಗದೆ ಹಿಂದೆ ಸರಿದಾಗ ಡಿಸಾಸಿ ಬಂದ. ಅಭ್ಯಾಸದಲ್ಲಿ ಎನ್ಕುಂಕುವಿನ ಮಂಡಿಗೆ ಪೆಟ್ಟಾದಾಗ ಕೋಲೋ ಮುವಾನಿ ಬಂದ. ಅವನೇ ಮೊರಾಕ್ಕೊ ಎದುರಿನ ಸೆಮಿಫೈನಲ್‌ನಲ್ಲಿ ಗೋಲು ಹೊಡೆದ. ಮೊದಲ ಪಂದ್ಯಕ್ಕೆ ಮೂರು ದಿನ ಇರುವಾಗ ಬೆಂಝೆಮಾನ ತೊಡೆಗೆ ಗಾಯವಾಯಿತು. ಬದಲಿ ತರಲು ಸಮಯವಿತ್ತು, ಕೋಚ್ ದೆಶಾಂ ತರಲಿಲ್ಲ. ನವೆಂಬರ್ 22ರಂದು ಆಸ್ಟ್ರೇಲಿಯಾ ಎದುರಿನ ಮೊದಲ ಪಂದ್ಯದಲ್ಲೇ ಲುಕಾಸ್ ಎರ್ನಾಂಡೆಸ್‌ನ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಈಗ ಬದಲಿಗೆ ನಿಯಮವೇ ಬಿಡದು. ಅವನ ಜಾಗದಲ್ಲಿ ಆಡಿದ್ದು ಅದಾಗಲೇ ಲಿಸ್ಟ್‌ನಲ್ಲಿದ್ದ ಅವನ ತಮ್ಮ ಥಿಯೋ. ಆ ತಂಡ ಫೈನಲ್‌ವರೆಗೂ ಹೋಯಿತು.

ಗಡುವಿಗೆ ಮುಂಚೆ ತರಬಹುದು, ತರದೆಯೂ ಇರಬಹುದು. ಗಡುವು ದಾಟಿದ ಮೇಲೆ ಲಿಸ್ಟ್‌ನೊಳಗಿನಿಂದಲೇ ಸುಧಾರಿಸಿಕೊಳ್ಳಬೇಕು. ಹಾಗಾಗಿ ಒಂದೊಂದು ಜಾಗಕ್ಕೂ ಇಬ್ಬರಿದ್ದಾರೆಯೇ ಎಂದು ನೋಡುವುದು ಹೆಸರು ಕೊಡುವ ದಿನ, ಗಾಯವಾದ ದಿನವಲ್ಲ. ಗೋಲ್‌ಕೀಪರ್‌ಗೆ ಮಾತ್ರ ವಿನಾಯಿತಿ ಯಾಕೆಂದರೆ ಆ ಜಾಗಕ್ಕೆ ಬೇರೆ ಯಾರನ್ನೋ ಹೊಂದಿಸಲು ಆಗುವುದಿಲ್ಲ. ನಮ್ಮ ತಂಡಗಳು 20 ಹೆಸರಿಗೆ ಒಬ್ಬನೇ ಕೀಪರ್ ಬರೆದು ತರುವುದು ಸಾಮಾನ್ಯ. ಇಬ್ಬರು ಬೇಕೇ ಬೇಕು.

ಕೆಲವು ಕಡೆ ಗಾಯ ನೇರವಾಗಿ ಹಣದ ಲೆಕ್ಕಕ್ಕೆ ಬರುತ್ತದೆ. ಸ್ಪೇನ್‌ನ ಲಾ ಲಿಗಾದಲ್ಲಿ ಕ್ಲಬ್‌ಗಳಿಗೆ ಸಂಬಳದ ಮಿತಿಯಿದೆ. ಒಬ್ಬ ಆಟಗಾರ ನಾಲ್ಕು ತಿಂಗಳಿಗಿಂತ ಹೆಚ್ಚು ಹೊರಗುಳಿಯುವುದು ಖಚಿತವಾದರೆ ಅವನ ಸಂಬಳದ ಶೇ. 80ರಷ್ಟನ್ನು ಹೊಸ ನೋಂದಣಿಗೆ ಬಳಸಬಹುದು. 2024ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ, ಕ್ರಿಸ್ಟೆನ್ಸನ್ ಗಾಯದ ಲೆಕ್ಕದಲ್ಲಿ ಡಾನಿ ಓಲ್ಮೋನನ್ನು ನೋಂದಾಯಿಸಿಕೊಂಡಿತು. ಮರುವರ್ಷ ಅದೇ ಕ್ಲಬ್‌ಗೆ ಗಾಯಗೊಂಡ ಗೋಲ್‌ಕೀಪರ್ ಟೆರ್ ಸ್ಟೆಗನ್ ವಿಷಯದಲ್ಲಿ ತೊಡಕಾಯಿತು: ವೈದ್ಯಕೀಯ ವರದಿಯನ್ನು ಲೀಗ್‌ಗೆ ಕಳಿಸಲು ಕೀಪರ್ ಮೊದಲು ಸಹಿ ಹಾಕಲಿಲ್ಲ, ಕ್ಲಬ್ ಅವನ ನಾಯಕತ್ವ ಕಿತ್ತುಕೊಂಡಿತು, ಆಮೇಲೆ ಸಹಿ ಬಿತ್ತು, ನಾಯಕತ್ವವೂ ಮರಳಿತು. ವರದಿ ಆಟಗಾರನ ಸ್ವತ್ತು. ಅವನ ಒಪ್ಪಿಗೆಯಿಲ್ಲದೆ ಎಕ್ಸ್‌ರೇ ಫೋಟೋವನ್ನು ತಂಡದ ವಾಟ್ಸಾಪ್ ಗುಂಪಿಗೆ ಹಾಕುವ ನಮ್ಮ ಚಾಳಿ ನಿಲ್ಲಬೇಕು.

ಅಮೆರಿಕದ ಉದ್ದ ಚೆಂಡಿನ ಫುಟ್‌ಬಾಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, ಸುಳ್ಳು ಗಾಯಕ್ಕೆ ಕಡಿವಾಣ ಇನ್ನೂ ಬಿಗಿ. ತಂಡದ ಬಲ 53. ಗಾಯಾಳುವನ್ನು ‘ಇಂಜುರ್ಡ್ ರಿಸರ್ವ್’ಗೆ ಹಾಕಿದರೆ ಅವನ ಜಾಗ ಖಾಲಿಯಾಗಿ ಬೇರೊಬ್ಬ ಬರುತ್ತಾನೆ. ಆದರೆ ಹಾಗೆ ಹೋದವನು ಕನಿಷ್ಠ ನಾಲ್ಕು ಪಂದ್ಯ ಹೊರಗಿರಲೇಬೇಕು. ವಾಪಸ್ ಬಂದು ಅಭ್ಯಾಸ ಶುರು ಮಾಡಿದ ದಿನದಿಂದ 21 ದಿನದೊಳಗೆ ತಂಡಕ್ಕೆ ಸೇರಿಸಿಕೊಳ್ಳದಿದ್ದರೆ ಆ ಸೀಸನ್ ಅವನಿಗೆ ಮುಗಿಯಿತು. ಹೀಗೆ ವಾಪಸ್ ಕರೆಸುವುದಕ್ಕೂ ಲೀಗ್ ಹಂತದಲ್ಲಿ ತಂಡಕ್ಕೆ ಎಂಟು ಸಲದ ಮಿತಿಯಿದೆ. ಡಾಕ್ಟರನ್ನು ಅನುಮಾನಿಸುವ ಗೋಜಿಲ್ಲ. ಸುಳ್ಳು ಹೇಳಿದರೆ ಒಳ್ಳೆಯ ಆಟಗಾರನೇ ನಾಲ್ಕು ಪಂದ್ಯ ಕೂರುತ್ತಾನೆ, ಸುಳ್ಳು ದುಬಾರಿಯಾಗುತ್ತದೆ. ನಮ್ಮ ಊರಿನ ನಿಯಮಕ್ಕೆ ಎರವಲು ತರಲು ಇದಕ್ಕಿಂತ ಒಳ್ಳೆಯ ವಿಚಾರ ಸಿಗದು.

ಮೈದಾನದಲ್ಲಿ ಬಿದ್ದಾಗ

ಗಾಯ ಸಣ್ಣದಾದರೆ ಚೆಂಡು ಹೊರಗೆ ಹೋಗುವವರೆಗೆ ರೆಫ್ರಿ ಆಟ ನಡೆಸುತ್ತಾರೆ. ಗಂಭೀರವಾಗಿ ಕಂಡರೆ ನಿಲ್ಲಿಸುತ್ತಾರೆ. ಅವರು ಕರೆಯದೆ ಬಕೆಟ್ ಹಿಡಿದುಕೊಂಡು ಒಳಗೆ ಓಡಬೇಡಿ. ಗಾಯಗೊಂಡವನು ಚಿಕಿತ್ಸೆಗೆ ಹೊರಗೆ ಬರಬೇಕು, ಆಟ ಮತ್ತೆ ಶುರುವಾದ ಮೇಲಷ್ಟೇ ರೆಫ್ರಿ ಸನ್ನೆ ಮಾಡಿದಾಗ ಒಳಗೆ ಹೋಗಬೇಕು. ಚೆಂಡು ಆಟದಲ್ಲಿದ್ದರೆ ಟಚ್‌ಲೈನ್‌ನಿಂದಲೇ ಹೋಗಬೇಕು, ಗೋಲ್‌ಲೈನ್‌ನಿಂದಲ್ಲ. ರಕ್ತ ಬರುತ್ತಿದ್ದರೆ ಅದು ನಿಂತಿದೆ ಎಂದು ಖಾತ್ರಿಯಾಗುವವರೆಗೆ ಪ್ರವೇಶವಿಲ್ಲ.

ಹೊರಗೆ ಬರಬೇಕಿಲ್ಲದ ಸಂದರ್ಭಗಳೂ ಇವೆ, ಇವು ಮ್ಯಾನೇಜರ್‌ಗೆ ಬಾಯಿಪಾಠವಾಗಿರಲಿ: ಗಾಯವಾದವನು ಕೀಪರ್ ಆಗಿದ್ದರೆ, ಕೀಪರ್ ಮತ್ತು ಇನ್ನೊಬ್ಬ ಡಿಕ್ಕಿ ಹೊಡೆದುಕೊಂಡಿದ್ದರೆ, ಒಂದೇ ತಂಡದ ಇಬ್ಬರು ಡಿಕ್ಕಿಯಾಗಿದ್ದರೆ, ಗಾಯ ತೀವ್ರವಾಗಿದ್ದರೆ, ಪೆನಾಲ್ಟಿ ಸಿಕ್ಕಿದ್ದು ಗಾಯಾಳುವೇ ಒದೆಯುವವನಾಗಿದ್ದರೆ, ಎದುರಾಳಿಗೆ ಹಳದಿ ಅಥವಾ ಕೆಂಪು ಕಾರ್ಡ್ ಬಿದ್ದ ಫೌಲ್‌ನಿಂದಲೇ ಪೆಟ್ಟಾಗಿದ್ದು ಚಿಕಿತ್ಸೆ ಬೇಗ ಮುಗಿಯುವಂತಿದ್ದರೆ. ಕೊನೆಯದನ್ನು ಎಷ್ಟೋ ತಂಡಗಳು ಕೇಳುವುದೇ ಇಲ್ಲ. ತಮ್ಮ ತಪ್ಪಿಲ್ಲದೆ ಹತ್ತು ಜನರಲ್ಲಿ ಫ್ರೀಕಿಕ್ ಒದೆಯುತ್ತವೆ.

ಮೇಲಿನ ಹಂತದ ಲೀಗ್‌ಗಳಲ್ಲಿ ಐದು ಸಬ್, ಅಂದರೆ ಪಂದ್ಯದ ನಡುವೆ ಬೆಂಚ್‌ನಿಂದ ಇಳಿಸುವ ಬದಲಿ. ಆದರೆ ಅವನ್ನು ಇಳಿಸಲು ಮೂರೇ ಸಲ ಅವಕಾಶ, ಹಾಫ್‌ಟೈಮ್‌ನಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಎಡವಟ್ಟು ಹೀಗಾಗುತ್ತದೆ: 55, 62, 70ನೇ ನಿಮಿಷಕ್ಕೆ ಒಬ್ಬೊಬ್ಬರನ್ನು ಬದಲಿಸಿ ಮೂರೂ ಅವಕಾಶ ಮುಗಿಸುತ್ತಾರೆ. 78ಕ್ಕೆ ಬ್ಯಾಕ್ ಕುಂಟುತ್ತಾನೆ. ಬೆಂಚ್‌ನಲ್ಲಿ ಇನ್ನೂ ಇಬ್ಬರು ಸಬ್ ಉಳಿದಿದ್ದರೂ ಇಳಿಸುವಂತಿಲ್ಲ, ಹತ್ತು ಜನರಲ್ಲಿ ಮುಗಿಸಬೇಕು. ಒಂದು ಅವಕಾಶವನ್ನು ಕೊನೆಯ ಕಾಲು ಗಂಟೆಗೆ ಎತ್ತಿಡಿ. ಅನುಮಾನವಿರುವ ಕಾಲನ್ನು ಹಾಫ್‌ಟೈಮ್‌ನಲ್ಲೇ ಹೊರಗೆ ತನ್ನಿ. ಸ್ಥಳೀಯ ಟೂರ್ನಮೆಂಟ್‌ಗೆ ಈ ಮೂರರ ಮಿತಿ ಕಡ್ಡಾಯವಲ್ಲ, ನಿಯಮ ಪತ್ರದಲ್ಲಿ ಏನು ಬರೆದಿದೆ ನೋಡಿ. ತಳಮಟ್ಟದ ಫುಟ್‌ಬಾಲ್‌ನಲ್ಲಿ ಹೊರಗೆ ಬಂದವನು ಮತ್ತೆ ಒಳಗೆ ಹೋಗುವ ಪದ್ಧತಿಗೂ ಅವಕಾಶವಿದೆ, ಆದರೆ ಅದು ಮೊದಲೇ ಬರೆದಿರಬೇಕು.

ವಾರ್ಮ್‌ಅಪ್‌ನಲ್ಲಿ ಗಾಯವಾದರೆ ಗಾಬರಿ ಬೇಡ. ಟೀಮ್ ಶೀಟ್ ಕೊಟ್ಟಿದ್ದರೂ ರೆಫ್ರಿಗೆ ತಿಳಿಸಿ, ಬೆಂಚ್‌ನಲ್ಲಿ ಹೆಸರಿರುವವನನ್ನು ಆಡಿಸಬಹುದು. ಪಂದ್ಯ ಶುರುವಾಗಿಲ್ಲವಾದ್ದರಿಂದ ಅದು ಸಬ್ ಲೆಕ್ಕಕ್ಕೆ ಬರುವುದಿಲ್ಲ. ಬೆಂಚ್‌ನಲ್ಲಿ ಖಾಲಿಯಾದ ಜಾಗಕ್ಕೆ ಬೇರೊಬ್ಬನನ್ನು ಬರೆಯಬಹುದೇ ಎಂಬುದು ಮಾತ್ರ ಆಯಾ ಟೂರ್ನಮೆಂಟ್‌ಗೆ ಬಿಟ್ಟದ್ದು.

ಎಲ್ಲ ಸಬ್ ಮುಗಿದ ಮೇಲೆ ಕೀಪರ್‌ಗೆ ಪೆಟ್ಟಾದರೆ ಮೈದಾನದಲ್ಲಿರುವವನೇ ಗೋಲಿಗೆ ನಿಲ್ಲಬೇಕು. ಆಟ ನಿಂತಾಗ, ರೆಫ್ರಿಗೆ ಹೇಳಿ ಬದಲಾಯಿಸಿ. ಹೇಳದೆ ಮಾಡಿದರೆ ಇಬ್ಬರಿಗೂ ಹಳದಿ ಕಾರ್ಡ್. ಕಿಟ್‌ನಲ್ಲಿ ನಂಬರ್ ಇಲ್ಲದ, ದೊಡ್ಡ ಅಳತೆಯ ಒಂದು ಕೀಪರ್ ಜೆರ್ಸಿ ಮತ್ತು ನಂಬರ್ ಬರೆಯಲು ಟೇಪ್ ಇಡಿ. ಪೆನಾಲ್ಟಿ ಶೂಟೌಟ್ ನಡುವೆ ಕೀಪರ್ ಕೈಲಾಗದೆ ನಿಂತರೆ, ಸಬ್ ಉಳಿಸಿಕೊಂಡಿದ್ದ ತಂಡ ಬೆಂಚ್‌ನ ಕೀಪರ್‌ನನ್ನು ತರಬಹುದು. ನಾಕೌಟ್ ಪಂದ್ಯದಲ್ಲಿ ಕೊನೆಯ ಸಬ್ ಖರ್ಚು ಮಾಡುವ ಮುಂಚೆ ಇದನ್ನು ನೆನೆಯಿರಿ. ತಂಡ ಏಳು ಜನರಿಗಿಂತ ಕೆಳಗಿಳಿದರೆ ಪಂದ್ಯವೇ ಮುಂದುವರಿಯದು.

ತಲೆಗೆ ಪೆಟ್ಟು

ಮೂಳೆ ಮುರಿದರೆ ಎಲ್ಲರಿಗೂ ಕಾಣುತ್ತದೆ, ಮಿದುಳು ಅಲುಗಿದರೆ ಕಾಣುವುದಿಲ್ಲ. ಆಟಗಾರ ಎದ್ದು ನಿಂತು ‘ಏನಿಲ್ಲ ಸಾರ್’ ಅನ್ನುತ್ತಾನೆ. ಕೇಳಬೇಕಾದ ಪ್ರಶ್ನೆಗಳು ಸರಳ: ನಾವೀಗ ಯಾವ ಮೈದಾನದಲ್ಲಿದ್ದೇವೆ? ಇದು ಮೊದಲ ಹಾಫೋ ಎರಡನೆಯದೋ? ಕೊನೆಯ ಗೋಲು ಹೊಡೆದವರು ಯಾರು? ಹಿಂದಿನ ಪಂದ್ಯ ಯಾರ ಜೊತೆ? ಗೆದ್ದೆವೋ ಸೋತೆವೋ? ಒಂದಕ್ಕೆ ತಡವರಿಸಿದರೂ ಆಟ ಮುಗಿಯಿತು. ಎಲ್ಲಕ್ಕೂ ಸರಿ ಉತ್ತರ ಕೊಟ್ಟರೂ ಕಣ್ಣು ಮಂಜು, ತಲೆಸುತ್ತು, ವಾಕರಿಕೆ, ನಡೆಯುವಾಗ ತೂರಾಟ ಇದ್ದರೆ ಆ ದಿನ ಮತ್ತೆ ಇಳಿಸಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಕತ್ತು ನೋವು, ಎರಡೆರಡಾಗಿ ಕಾಣುವುದು, ಕೈಕಾಲು ಜೋಮು, ಸೆಳೆತ, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಕತ್ತು ನೋವಿದ್ದರೆ ಅಲುಗಿಸಬೇಡಿ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಬೌಂಡರಿ ಆಚೆ ಮಲಗಿಸುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಇದಕ್ಕೆ ನಿಯಮದಲ್ಲಿ ಪ್ರತ್ಯೇಕ ಬಾಗಿಲಿದೆ. ಟೂರ್ನಮೆಂಟ್ ಅಳವಡಿಸಿಕೊಂಡಿದ್ದರೆ ಪ್ರತಿ ತಂಡಕ್ಕೆ ಪಂದ್ಯಕ್ಕೊಂದು ಕನ್ಕಷನ್ ಸಬ್, ಅಂದರೆ ಮಿದುಳು ಅಲುಗಿದವನಿಗೆ ಬದಲಿ. ಅದು ಮಾಮೂಲಿ ಸಬ್‌ಗಳಲ್ಲಿ ಸೇರುವುದಿಲ್ಲ, ಎದುರಾಳಿಗೂ ಒಂದು ಹೆಚ್ಚುವರಿ ಸಬ್ ಸಿಗುತ್ತದೆ. ಹೊರಗೆ ಹೋದವನು ಆ ಪಂದ್ಯದಲ್ಲಿ ಮತ್ತೆ ಬರುವಂತಿಲ್ಲ, ಶೂಟೌಟ್‌ಗೂ ಇಲ್ಲ. ಎದುರಾಳಿಗೂ ಒಂದು ಕೊಡುವುದರಲ್ಲೇ ಜಾಣತನವಿದೆ: ಸುಳ್ಳು ಹೇಳಿ ಲಾಭ ಮಾಡಿಕೊಳ್ಳಲು ಏನೂ ಉಳಿಯುವುದಿಲ್ಲ. ಒಂದು ಸಾಲು ಬರೆದರೆ ಸಾಕಾಗುವ ಈ ನಿಯಮವನ್ನು ಕಮಿಟಿಗಳು ಯಾಕೆ ಬಿಡುತ್ತವೋ.

ಕಾಲಿನ ಗಾಯ, ಎಕ್ಸ್‌ರೇ ಮತ್ತು ಕಟ್ಟು

ನಮ್ಮ ಮೈದಾನಗಳು ಗಟ್ಟಿ ಕೆಮ್ಮಣ್ಣು, ಅಲ್ಲಲ್ಲಿ ಗರಸು. ಕಣಕಾಲು ಉಳುಕುವುದು, ಮಂಡಿ ತರಚುವುದು ಮಾಮೂಲು. ಕಿಟ್‌ನಲ್ಲಿ ಇಷ್ಟಾದರೂ ಇರಲಿ: 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ನಾಲ್ಕು, 15 ಸೆಂ.ಮೀ. ಎರಡು, ಅರ್ಧ ಲೀಟರ್ ಸಲೈನ್ ಎರಡು ಬಾಟಲಿ, ಗಾಜ್, ಕೈಗವಸು, ಕತ್ತರಿ, ಎರಡು ತ್ರಿಕೋನ ಬ್ಯಾಂಡೇಜ್, ಥರ್ಮೋಕೋಲ್ ಡಬ್ಬಿಯಲ್ಲಿ ಮೂರ್ನಾಲ್ಕು ಕಿಲೋ ಐಸ್. ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತರಿಂದ ಇಪ್ಪತ್ತು ನಿಮಿಷ ಇಡಿ. ಚರ್ಮಕ್ಕೆ ನೇರ ಇಟ್ಟರೆ ಸುಡುತ್ತದೆ. ಮಣ್ಣು ಹೊಕ್ಕ ಗಾಯವನ್ನು ಮೊದಲು ಧಾರಾಳ ನೀರಿನಲ್ಲಿ ತೊಳೆಯಿರಿ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದೆಂದು ಪ್ರತಿ ಆಟಗಾರನಿಂದ ಎಂಟ್ರಿ ಫಾರಂನಲ್ಲೇ ಬರೆಸಿಕೊಳ್ಳಿ.

ಕಣಕಾಲು ಉಳುಕಿದಾಗ ಎಕ್ಸ್‌ರೇ ಬೇಕೇ ಎಂದು ಮೈದಾನದಲ್ಲೇ ಅಂದಾಜು ಮಾಡಲು ವೈದ್ಯರು ಬಳಸುವ ಪರೀಕ್ಷೆ ಸುಲಭ. ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಕಣಕಾಲಿನ ಒಳಬದಿ, ಹೊರಬದಿಯ ಮೂಳೆ ಗಂಟಿನ ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಹಿಂಭಾಗದ ಅಂಚನ್ನು ಒತ್ತಿದರೆ ನೋವಿದ್ದರೆ, ಎಕ್ಸ್‌ರೇ ತೆಗೆಸಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ಜಾಲಪ್ಪ ಆಸ್ಪತ್ರೆಯಿದೆ. ಮಂಡಿಯಲ್ಲಿ ‘ಟಪ್’ ಎಂದು ಸದ್ದಾಗಿ ಒಂದೆರಡು ಗಂಟೆಯೊಳಗೆ ಊದಿಕೊಂಡರೆ ಎಸಿಎಲ್ ಹರಿದಿರಬಹುದು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ‘ಎಕ್ಸ್‌ರೇ ನಾರ್ಮಲ್’ ಎಂಬ ಧೈರ್ಯದ ಮೇಲೆ ಆಡಿ, ಮಂಡಿಯೊಳಗಿನ ಮೆತ್ತೆಯಂಥ ಮಿನಿಸ್ಕಸ್ ಅನ್ನೂ ಹಾಳು ಮಾಡಿಕೊಳ್ಳುವವರಿದ್ದಾರೆ.

ಮೂಳೆ ಮುರಿದರೆ ನಾಟಿ ವೈದ್ಯರು ಹಾಕುವ, ಆಂಧ್ರದ ಪುತ್ತೂರು ಕಟ್ಟಿನ ಮಾತು ಬಂದೇ ಬರುತ್ತದೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವ ನಮಗೆ ಅದರ ಮೇಲಿನ ನಂಬಿಕೆ ಹಳೆಯದು. ಎಕ್ಸ್‌ರೇಗೆ ಮುಂಚೆ ಕಟ್ಟಿಸಬೇಡಿ. ಊತ ಏರುವ ಮೊದಲ ಎರಡು ದಿನದಲ್ಲಿ ಬಿಗಿ ಕಟ್ಟು ರಕ್ತದ ಓಟ ತಡೆಯಬಹುದು. ಬೆರಳು ತಣ್ಣಗಾಗುವುದು, ನೀಲಿಯಾಗುವುದು, ಜೋಮು ಹಿಡಿಯುವುದು ಕಂಡರೆ ಯಾರು ಕಟ್ಟಿದ್ದಾದರೂ ಕೂಡಲೇ ಬಿಚ್ಚಿಸಿ ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು ಮಾತು, ಬದಲಿ ಆಟಗಾರನನ್ನು ಕೇಳಲು ಅಲ್ಲಿನ ಚೀಟಿ ನಡೆಯುವುದಿಲ್ಲ.

ಬದಲಿ ನಿಯಮ ಬರೆಯುವ ಬಗೆ

ಮೂರು ವಾರದ, ಹನ್ನೆರಡು ಹದಿನಾರು ತಂಡಗಳ ಟೂರ್ನಮೆಂಟ್‌ಗೆ ಈ ಕೆಳಗಿನದು ಸರಿಹೊಂದುತ್ತದೆ. ಬೇಕಾದರೆ ಹೀಗೆಯೇ ನಕಲು ಮಾಡಿಕೊಳ್ಳಿ:

1. ಸ್ಕ್ವಾಡ್ 20, ಅದರಲ್ಲಿ ಕನಿಷ್ಠ ಇಬ್ಬರು ಕೀಪರ್. ಇದರ ಜೊತೆಗೆ ಐದು ಹೆಸರಿನ ಕಾಯ್ದಿಟ್ಟ ಪಟ್ಟಿಯನ್ನು ಎಂಟ್ರಿ ದಿನವೇ ಕೊಡಬೇಕು. ಬದಲಿ ಬರುವುದಾದರೆ ಈ ಐವರಿಂದಲೇ.

2. ತಂಡದ ಮೊದಲ ಪಂದ್ಯಕ್ಕೆ 24 ಗಂಟೆ ಮುಂಚಿನವರೆಗೆ, ವೈದ್ಯರ ಪತ್ರವಿದ್ದರೆ ಎಷ್ಟು ಜನರನ್ನಾದರೂ ಬದಲಿಸಬಹುದು.

3. ಆಮೇಲೆ, ಇಡೀ ಟೂರ್ನಮೆಂಟ್‌ಗೆ ಒಬ್ಬ ಆಟಗಾರ ಮಾತ್ರ; ಗಾಯ 21 ದಿನ ಅಥವಾ ಹೆಚ್ಚಿನದೆಂದು ಪತ್ರದಲ್ಲಿರಬೇಕು. ಕೀಪರ್‌ಗೆ ಈ ಮಿತಿಯಿಲ್ಲ. ಕ್ವಾರ್ಟರ್ ಫೈನಲ್ ಶುರುವಾದ ಮೇಲೆ ಕೀಪರ್ ಹೊರತು ಯಾರಿಗೂ ಇಲ್ಲ.

4. ಬದಲಾದವನು ಆ ಟೂರ್ನಮೆಂಟ್‌ಗೆ ಮತ್ತೆ ಬರುವಂತಿಲ್ಲ.

5. ಬದಲಿ ಆಟಗಾರ ಇದೇ ಟೂರ್ನಮೆಂಟ್‌ನ ಬೇರೆ ತಂಡದ ಯಾವ ಪಟ್ಟಿಯಲ್ಲೂ ಇರಬಾರದು.

ಬೆಂಗಳೂರಿನಿಂದ ಆಟಗಾರ ಬಂದಿಳಿಯುವ ಜಗಳಕ್ಕೆ ಒಂದನೆಯದು ಮದ್ದು, ಸುಳ್ಳು ಗಾಯಕ್ಕೆ ನಾಲ್ಕನೆಯದು. ಮೂರನೆಯದರಲ್ಲಿ 21 ದಿನ ಎಂದದ್ದು ಟೂರ್ನಮೆಂಟ್ ಅಷ್ಟು ಉದ್ದವಿದೆ ಎಂಬ ಕಾರಣಕ್ಕೆ. ನಿಮ್ಮದು ಹತ್ತು ದಿನದ್ದಾದರೆ ಹತ್ತು ಎಂದು ಬರೆಯಿರಿ.

ವೈದ್ಯರ ಪತ್ರದಲ್ಲಿ ಏನಿರಬೇಕೆಂದೂ ಬರೆದಿಡಿ: ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ನೋಡಿದ ದಿನಾಂಕ, ಯಾವ ಭಾಗಕ್ಕೆ ಗಾಯ, ಕನಿಷ್ಠ ಎಷ್ಟು ದಿನ ಆಡಬಾರದು. ‘ವಿಶ್ರಾಂತಿ ಸೂಚಿಸಲಾಗಿದೆ’ ಎಂಬ ಒಂದು ಸಾಲಿನ ಪತ್ರ ತೆಗೆದುಕೊಳ್ಳಬೇಡಿ. ಪತ್ರದ ದಿನಾಂಕ ಗಾಯವಾದ ದಿನಕ್ಕಿಂತ ಹಿಂದಿನದಾಗಿರುವುದೂ ಉಂಟು! ಅದಕ್ಕೇ ಪಂದ್ಯದಲ್ಲಿ ಗಾಯವಾಗಿದ್ದರೆ ರೆಫ್ರಿ ವರದಿಯಲ್ಲಿ ನಿಮಿಷದ ಸಮೇತ ಬರೆಸಿ. ಅರ್ಜಿಯ ಜೊತೆ ಆಟಗಾರನ ಸಹಿಯಿರುವ ಒಪ್ಪಿಗೆ ಪತ್ರ ಇರಲಿ. ತೀರ್ಮಾನ ಮಾಡುವವರು ಮೂವರು ಸಾಕು: ಕಮಿಟಿಯ ಡಾಕ್ಟರ್, ಪದಾಧಿಕಾರಿಗಳಲ್ಲಿ ಒಬ್ಬರು, ಅಂದು ಆ ಪಂದ್ಯ ನಡೆಸದ ಒಬ್ಬ ರೆಫ್ರಿ. 24 ಗಂಟೆಯೊಳಗೆ ಬರಹದಲ್ಲಿ ತಿಳಿಸಿ. ಎದುರು ತಂಡಕ್ಕೆ ತೀರ್ಮಾನ ತೋರಿಸಿ, ಎಂಆರ್‌ಐ ವರದಿ ತೋರಿಸಬೇಡಿ.

ವಾಪಸ್ ಕರೆಸುವುದು

ಯಾವ ನಿಯಮವೂ ಗಾಯ ಮಾಗಿದೆಯೇ ಎಂದು ಹೇಳುವುದಿಲ್ಲ. ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಹಿಡಿದವನಿಗೆ ನಡೆಯುವಾಗ, ಮೆಲ್ಲಗೆ ಓಡುವಾಗ ನೋವಿರುವುದಿಲ್ಲ. ಪೂರ್ತಿ ವೇಗದಲ್ಲಿ ಓಡಿ ಥಟ್ಟನೆ ನಿಂತಾಗ ಮತ್ತೆ ಹರಿಯುತ್ತದೆ. ಪಂದ್ಯಕ್ಕೆ ಮುಂಚೆ ಎರಡು ಮೂರು ಅಭ್ಯಾಸಗಳಲ್ಲಿ ಪೂರ್ತಿ ವೇಗದ ಓಟ, ದಿಕ್ಕು ಬದಲಾಯಿಸುವುದು, ಉದ್ದ ಪಾಸ್ ಒದೆಯುವುದು ನೋವಿಲ್ಲದೆ ಆಗಬೇಕು. ಕಣಕಾಲಿಗಾದರೆ ಆ ಒಂದೇ ಕಾಲಲ್ಲಿ ಕುಪ್ಪಳಿಸಿ ನೋಡಿ. ಎಸಿಎಲ್ ಆಪರೇಷನ್ ಆದವನಿಗೆ ಒಂಬತ್ತು ತಿಂಗಳಿಗಿಂತ ಮುಂಚೆ ಪಂದ್ಯ ಬೇಡ. ಒಂದೇ ಕಾಲಲ್ಲಿ ಜಿಗಿದ ದೂರ, ಒಳ್ಳೆಯ ಕಾಲಿನದರ ಶೇ. 90 ಆದರೂ ಇರಬೇಕು ಎಂಬುದು ಫಿಸಿಯೋಗಳು ಸಾಮಾನ್ಯವಾಗಿ ಹಿಡಿಯುವ ಅಳತೆ. ತಲೆಗೆ ಪೆಟ್ಟಾಗಿದ್ದರೆ ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಓಟ, ಚೆಂಡಿನ ಅಭ್ಯಾಸ, ಮೈತಾಗುವ ಅಭ್ಯಾಸ, ಪಂದ್ಯ ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದಕ್ಕೂ ಕನಿಷ್ಠ 24 ಗಂಟೆ. ತಂಡಕ್ಕೆ ಡಾಕ್ಟರ್ ಇಲ್ಲದ ನಮ್ಮಂಥ ಕಡೆ, ಬ್ರಿಟನ್ 2023ರಲ್ಲಿ ತಳಮಟ್ಟದ ಆಟಗಳಿಗೆ ಹಾಕಿಕೊಂಡ 21 ದಿನದ ಲೆಕ್ಕವೇ ಸುರಕ್ಷಿತ.

ಇಂಜೆಕ್ಷನ್ ಚುಚ್ಚಿಸಿಕೊಂಡು ಫೈನಲ್ ಆಡುವ ಯೋಚನೆಗೆ ಇನ್ನೊಂದು ತಡೆಯಿದೆ. 2022ರ ಜನವರಿ 1ರಿಂದ ಗ್ಲುಕೊಕಾರ್ಟಿಕಾಯ್ಡ್ ಸ್ಟಿರಾಯ್ಡ್‌ಗಳನ್ನು ಯಾವ ಭಾಗಕ್ಕೆ ಚುಚ್ಚಿಸಿಕೊಂಡರೂ ಅದು ಪಂದ್ಯದ ಅವಧಿಯಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಮಂಡಿಯ ಕೀಲಿಗೆ ಹಾಕಿಸಿಕೊಳ್ಳುವುದೂ ಸೇರಿ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ. ಡಾಕ್ಟರ್‌ಗೆ ‘ನಾನು ಆಟಗಾರ, ಪಂದ್ಯ ಇಂಥ ದಿನ’ ಎಂದು ಮೊದಲೇ ಹೇಳುವುದು ಆಟಗಾರನ ಹೊಣೆ.

ಖರ್ಚು ಯಾರದು

ವೃತ್ತಿಪರ ಕ್ಲಬ್‌ಗಳಲ್ಲಿ ಗಾಯಾಳುವಿನ ಸಂಬಳ ಕ್ಲಬ್‌ನದೇ ಹೊರೆ. ದೇಶಕ್ಕಾಗಿ ಆಡುವಾಗ ಗಾಯವಾಗಿ 28 ದಿನಕ್ಕಿಂತ ಹೆಚ್ಚು ಹೊರಗುಳಿದರೆ ಫಿಫಾದ ಯೋಜನೆ ಕ್ಲಬ್‌ಗೆ ಪರಿಹಾರ ಕೊಡುತ್ತದೆ, ಒಬ್ಬ ಆಟಗಾರನಿಗೆ ಗರಿಷ್ಠ 75 ಲಕ್ಷ ಯೂರೋವರೆಗೆ. ನಮ್ಮಲ್ಲಿ ಮನೆಯವರೇ ಸಾಲ ಮಾಡುತ್ತಾರೆ. ಎಂಟ್ರಿ ಶುಲ್ಕದಲ್ಲಿ ಒಂದು ಪಾಲು ಎತ್ತಿಟ್ಟು ಟೂರ್ನಮೆಂಟ್ ಅವಧಿಗೆ ಗುಂಪು ಅಪಘಾತ ವಿಮೆ ಮಾಡಿಸಿ. ಪಾಲಿಸಿಯಲ್ಲಿ ಆಸ್ಪತ್ರೆ ಖರ್ಚು ಸೇರಿದೆಯೇ, ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರವೇ ಎಂದು ಮೊದಲು ಕೇಳಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಲ್ಲರಿಗೂ ಇದ್ದರೆ ಒಳ್ಳೆಯದೇ, ಆದರೆ ಅದು ಕಾಲು ಮುರಿದ ಚಿಕಿತ್ಸೆಯ ಬಿಲ್ ಕಟ್ಟುವುದಿಲ್ಲ. ಆಯುಷ್ಮಾನ್ ಕಾರ್ಡ್, ಬಿಪಿಎಲ್ ಕಾರ್ಡ್‌ನ ಜೆರಾಕ್ಸ್ ಪ್ರತಿಯನ್ನು ಎಂಟ್ರಿ ಫಾರಂ ಜೊತೆಗೇ ತೆಗೆದುಕೊಂಡು ಮ್ಯಾನೇಜರ್ ಫೈಲ್‌ನಲ್ಲಿಡಿ. ಭಾನುವಾರ ಸಂಜೆ ಆಸ್ಪತ್ರೆಯ ಕೌಂಟರ್‌ನಲ್ಲಿ ಅದನ್ನು ಕೇಳುವಾಗ ಮನೆಯವರು ಇನ್ನೂ ಶ್ರೀನಿವಾಸಪುರದ ಬಸ್‌ನಲ್ಲಿರುತ್ತಾರೆ.